ಮಠದ ಅನ್ನ ಯಾರ ಹೊಲದ್ದು? ಬೈಲಕುಪ್ಪೆಯಿಂದ ಒಂದು ಲೆಕ್ಕ

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕುಶಾಲನಗರದ ಬಸ್ಸಿಗೆ ಕಾಯುವವರಿಗೆ ಕೆಂಪು ಬಟ್ಟೆಯ ಲಾಮಾಗಳು ಹೊಸಬರಲ್ಲ. ನಮ್ಮ ಪಕ್ಕದ ಸೀಟಿನಲ್ಲೇ ಕೂರುತ್ತಾರೆ, ಕಂಡಕ್ಟರ್ ಹತ್ತಿರ ಕನ್ನಡದಲ್ಲೇ ಚಿಲ್ಲರೆ ಕೇಳುತ್ತಾರೆ, ಬೈಲಕುಪ್ಪೆಯಲ್ಲಿ ಇಳಿದು ಹೋಗುತ್ತಾರೆ. ನೆಂಟರು ಬಂದರೆ ನಾವೂ ಅಲ್ಲೇ ಇಳಿಯುತ್ತೇವೆ. ಗೋಲ್ಡನ್ ಟೆಂಪಲ್ ನೋಡಿ, ಫೋಟೊ ತೆಗೆದು, ಮೊಮೊ ತಿಂದು ವಾಪಸ್ ಬರುತ್ತೇವೆ. ಅಲ್ಲಿಗೆ ನಮ್ಮ ಪರಿಚಯ ಮುಗಿಯಿತು.

ಬೈಲಕುಪ್ಪೆ ಅಂದರೆ ಕನ್ನಡದ ನೆಲದ ನಡುವೆ ಒಂದು ಬೌದ್ಧ ದ್ವೀಪ ಅಂತ ಬಹಳ ಜನ ತಿಳಿದಿದ್ದಾರೆ. ಭಾಷೆ ಬೇರೆ, ದೇವರು ಬೇರೆ, ಹಬ್ಬ ಬೇರೆ. ಆದರೆ ನಮ್ಮ ಬಳಗದ ಕೆಲವರ ಅಮ್ಮಂದಿರು ಚಿಕ್ಕಂದಿನಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು 'ಕ್ಯಾಂಪಿಗೆ' ಮುಸುಕಿನ ಜೋಳ ಮುರಿಯಲು ಹೋಗುತ್ತಿದ್ದರು. ದ್ವೀಪಕ್ಕೆ ಹಾಗೆ ನಡೆದುಕೊಂಡು ಹೋಗಿಬರಲು ಆಗುವುದಿಲ್ಲ. ಅದಕ್ಕೇ ಈ ಸಲ ನಾವು ಒಂದು ಸಾದಾ ಪ್ರಶ್ನೆ ಇಟ್ಟುಕೊಂಡು ಹೊರಟೆವು. ಸಾವಿರಾರು ಭಿಕ್ಷುಗಳಿರುವ ಮಠದಲ್ಲಿ ದಿನಾ ಒಲೆ ಉರಿಯಬೇಕು. ಆ ಅನ್ನ ಎಲ್ಲಿಂದ ಬರುತ್ತದೆ? ಹಿಂದೆ ಎಲ್ಲಿಂದ ಬರುತ್ತಿತ್ತು?

ಹಳೆಯ ಟಿಬೆಟ್: ಮಠಕ್ಕೆ ಉಂಬಳಿ, ರೈತನಿಗೆ ಬಿಟ್ಟಿ

ಬೈಲಕುಪ್ಪೆಯ ಸೆರಾ ಮಠದ ಮೂಲ ಮಠ ಲಾಸಾ ನಗರದ ಪಕ್ಕದಲ್ಲಿದೆ. ಅದು ಶುರುವಾದದ್ದು 1419ರಲ್ಲಿ. ಅಂದರೆ ನಮ್ಮ ಕಡೆ ವಿಜಯನಗರದ ಅರಸರು ಆಳುತ್ತಿದ್ದ ಕಾಲ. ಹಳೆಯ ರೂಢಿಯ ಲೆಕ್ಕದಲ್ಲಿ ಸೆರಾದಲ್ಲಿ 5,500 ಭಿಕ್ಷುಗಳು, ಪಕ್ಕದ ಡ್ರೆಪುಂಗ್‌ನಲ್ಲಿ 7,700, ಗಾಂದೆನ್‌ನಲ್ಲಿ 3,300.

ಇಷ್ಟು ಜನಕ್ಕೆ ಅನ್ನ ಹಾಕುತ್ತಿದ್ದದ್ದು ಉಂಬಳಿ ಭೂಮಿ. ಟಿಬೆಟ್‌ನಲ್ಲಿ ಭೂಮಿ ಮೂವರ ಕೈಯಲ್ಲಿತ್ತು: ಸರ್ಕಾರ, ಶ್ರೀಮಂತ ಮನೆತನಗಳು, ಮಠಗಳು. ಉಳುವವನು ಆ ಜಮೀನಿಗೆ ಅಂಟಿಕೊಂಡವನು. ಬಾರ್ಲಿಯಲ್ಲಿ ಕಂದಾಯ ಕೊಡಬೇಕು. ಅಧಿಕಾರಿಗಳು ಪ್ರಯಾಣ ಹೊರಟರೆ ಕುದುರೆ, ಯಾಕ್, ಹೊರುವ ಆಳು ಒದಗಿಸಬೇಕು. ಇದಕ್ಕೆ ಅಲ್ಲಿ 'ಉಲಾ' ಅಂತ ಹೆಸರು. ನಮ್ಮ ಹಿರಿಯರ ಮಾತಿನಲ್ಲಿ ಹೇಳಿದರೆ ಬಿಟ್ಟಿ ಚಾಕರಿ. ಆ ವ್ಯವಸ್ಥೆಗೆ ಸುಧಾರಣೆ ಬೇಕಿತ್ತು ಎಂದು ಈಗಿನ ದಲೈ ಲಾಮಾ ಅವರೇ ಹೇಳಿಕೊಂಡಿದ್ದಾರೆ.

ಟಿಬೆಟ್ ಬ್ರಿಟಿಷರ ಆಳ್ವಿಕೆಗೆ ಸೇರಿದ ನಾಡಲ್ಲ. ಆದರೂ 1904ರಲ್ಲಿ ಯಂಗ್‌ಹಸ್ಬೆಂಡ್ ಎಂಬ ಅಧಿಕಾರಿಯ ಜೊತೆ ಭಾರತದಿಂದ ಬ್ರಿಟಿಷ್ ಸೈನ್ಯ ಹಿಮಾಲಯ ದಾಟಿತು. ದಾರಿಯಲ್ಲಿ ಮೆಷಿನ್ ಗನ್ನಿಗೆ ನೂರಾರು ಟಿಬೆಟಿಯನ್ನರು ಬಲಿಯಾದರು. ಲಾಸಾದಲ್ಲಿ ಒಪ್ಪಂದ ಬರೆಸಿಕೊಂಡು, ಗ್ಯಾಂಟ್ಸೆ, ಯಾತುಂಗ್, ಗಾರ್ಟೋಕ್ ಎಂಬ ಊರುಗಳಲ್ಲಿ ವ್ಯಾಪಾರದ ಕಟ್ಟೆ ತೆರೆದರು. ಟಿಬೆಟ್‌ನ ಉಣ್ಣೆ ಹೇಸರಗತ್ತೆಗಳ ಮೇಲೆ ಬಂಗಾಳದ ಕಾಲಿಂಪೊಂಗ್‌ಗೆ ಇಳಿಯತೊಡಗಿತು. 1947ರಲ್ಲಿ ಬ್ರಿಟಿಷರು ಹೋದ ಮೇಲೂ ಆ ಅಂಚೆ, ತಂತಿ, ಕಾವಲು ಪಡೆಗಳನ್ನು ಭಾರತ ಸರ್ಕಾರವೇ ನಡೆಸಿತು. 1954ರ ಪಂಚಶೀಲ ಒಪ್ಪಂದದ ನಂತರ ಬಿಟ್ಟುಕೊಟ್ಟಿತು.

ಸಿಲೋನ್: ಅದೇ ಪ್ರಶ್ನೆ, ಬೇರೆ ಉತ್ತರ

ಮಠದ ಅನ್ನದ ಪ್ರಶ್ನೆ ಟಿಬೆಟ್‌ಗೆ ಮಾತ್ರ ಸೇರಿದ್ದಲ್ಲ. ಅದೇ ಕಾಲದಲ್ಲಿ ನಿಜವಾದ ದ್ವೀಪವಾಗಿದ್ದ ಬೌದ್ಧ ನಾಡು ಸಿಲೋನ್, ಅಂದರೆ ಇಂದಿನ ಶ್ರೀಲಂಕಾ. ಅಲ್ಲಿ ಬ್ರಿಟಿಷರದ್ದೇ ನೇರ ಆಡಳಿತ. 1815ರಲ್ಲಿ ಕ್ಯಾಂಡಿಯ ರಾಜ್ಯ ಅವರ ವಶವಾದಾಗ, ಬೌದ್ಧ ಧರ್ಮವನ್ನೂ ವಿಹಾರಗಳನ್ನೂ ಕಾಪಾಡುತ್ತೇವೆಂದು ಒಪ್ಪಂದದಲ್ಲೇ ಬರೆದುಕೊಟ್ಟರು. ಆಮೇಲೆ ಊರಿನಲ್ಲಿ ಪಾದ್ರಿಗಳ ಒತ್ತಡ ಬಂತು, ಸರ್ಕಾರ ನಿಧಾನಕ್ಕೆ ಕೈ ತೊಳೆದುಕೊಂಡಿತು.

ಅಲ್ಲೂ ವಿಹಾರಕ್ಕೆ ಭೂಮಿ ಇತ್ತು. ಆ ಭೂಮಿ ಉಳುವವರು ಸೇವೆ ಸಲ್ಲಿಸಬೇಕಿತ್ತು. ರಾಜನಿಗೆ ಹೀಗೆ ಸಲ್ಲಿಸುವ ಸೇವೆಗೆ ಅಲ್ಲಿನ ಹೆಸರು 'ರಾಜಕಾರಿಯ'. ನಮ್ಮ 'ರಾಜಕಾರ್ಯ' ಪದವೇ. 1832ರಲ್ಲಿ ಬ್ರಿಟಿಷರು ಅದನ್ನು ತೆಗೆದುಹಾಕಿದರು, ಆದರೆ ವಿಹಾರದ ಭೂಮಿಯಲ್ಲಿ ಸೇವೆ ಮುಂದುವರಿಯಿತು. 1870ರ ಕಾನೂನು, ಸೇವೆಯ ಬದಲು ಹಣ ಕಟ್ಟಬಹುದು ಎಂದಿತು. ಇನ್ನೊಂದು ಕಡೆ 1840ರ ಕಾನೂನಿನಲ್ಲಿ, ದಾಖಲೆ ಇಲ್ಲದ ಕಾಡು, ಬೀಳುಭೂಮಿ ಎಲ್ಲ ಸರ್ಕಾರದ್ದು ಎಂದು ಬರೆದುಕೊಂಡು ಕಾಫಿ ತೋಟಗಳಿಗೆ ಮಾರಿದರು. 1869ರಲ್ಲಿ ಎಲೆ ತುಕ್ಕು ರೋಗ ಬಂದು ಕಾಫಿ ನೆಲಕಚ್ಚಿತು, ಟೀ ಬಂತು. ಆ ಹೊತ್ತಿಗೆ ಧರ್ಮದ ಕೈ ಹಿಡಿದವರು ಊರಿನ ವರ್ತಕರು, ಗೃಹಸ್ಥರು. ಅವರ ದುಡ್ಡಿನಲ್ಲಿ ಬೌದ್ಧ ಶಾಲೆಗಳು ಎದ್ದವು. ಕೊಲಂಬೊದ ಆನಂದ ಕಾಲೇಜಿನ ಹುಟ್ಟು 1886.

ನಮ್ಮ ಮೈಸೂರು ಸೀಮೆಯಲ್ಲೂ ದೇವಸ್ಥಾನ, ಮಠಗಳಿಗೆ ಇನಾಂ ಭೂಮಿ ಇತ್ತಲ್ಲ. ಧಾರ್ಮಿಕ ಇನಾಂ ರದ್ದತಿ ಕಾನೂನು ಬಂದದ್ದು 1955ರಲ್ಲಿ. ಮೂರು ಕಡೆಯೂ ಲೆಕ್ಕ ಒಂದೇ: ಪೂಜೆ ಮಾಡುವವನು ಒಬ್ಬ, ಅವನ ತಟ್ಟೆಗೆ ಬೆಳೆಯುವವನು ಇನ್ನೊಬ್ಬ. ಬೈಲಕುಪ್ಪೆಯಲ್ಲಿ ಈ ಲೆಕ್ಕ ಕೆಲವು ವರ್ಷ ತಲೆಕೆಳಗಾಯಿತು. ನಮಗೆ ಈ ಕತೆಯಲ್ಲಿ ದೊಡ್ಡದಾಗಿ ಕಂಡದ್ದು ಅದೇ.

ಕಾಡಿಗೆ ಬಂದವರು

1959ರ ಮಾರ್ಚ್ 17ರ ರಾತ್ರಿ ದಲೈ ಲಾಮಾ ಲಾಸಾ ಬಿಟ್ಟರು. ಮಾರ್ಚ್ 31ಕ್ಕೆ ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಜನ ಬಂದರು. ಗೃಹಸ್ಥರಲ್ಲಿ ಬಹಳ ಮಂದಿಗೆ ಹಿಮಾಲಯದ ರಸ್ತೆ ಕೆಲಸದಲ್ಲಿ ಕಲ್ಲು ಒಡೆಯುವ ಕೂಲಿ ಸಿಕ್ಕಿತು. ಮಠದ ಸುಮಾರು 1,500 ಭಿಕ್ಷುಗಳನ್ನು ಬಂಗಾಳದ ಬಕ್ಸಾ ಕೋಟೆಗೆ ಕಳಿಸಿದರು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜಾಗ. ಸೆಕೆ, ಇಕ್ಕಟ್ಟು, ಕ್ಷಯ. ಅದರ ನಡುವೆಯೇ ಅವರು ಪಾಠ, ತರ್ಕ ನಡೆಸಿದರು.

ನೆಹರೂ ಅವರ ಸರ್ಕಾರ ಜಾಗ ಕೇಳಿದಾಗ ಮೊದಲು ದೊಡ್ಡ ಪ್ರಮಾಣದಲ್ಲಿ ಕೊಟ್ಟದ್ದು ನಮ್ಮ ಮೈಸೂರು ರಾಜ್ಯ. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ, 3,000 ಜನಕ್ಕೆ. ಇದರ ಋಣವನ್ನು ಟಿಬೆಟಿಯನ್ನರು ಎಸ್. ನಿಜಲಿಂಗಪ್ಪ ಅವರ ಹೆಸರಿನಲ್ಲಿ ಇಂದಿಗೂ ನೆನೆಯುತ್ತಾರೆ. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದದ್ದು 1956ರಿಂದ 58, ಮತ್ತೆ 1962ರಿಂದ 68. ಮೊದಲ ತಂಡ ಬಂದ 1960ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ. ಋಣದ ಪಟ್ಟಿಯಲ್ಲಿ ಅವರ ಹೆಸರೂ ಇರಲಿ.

ಆ ಮೊದಲ ತಂಡದಲ್ಲಿ ಇದ್ದವರು ಆರುನೂರ ಚಿಲ್ಲರೆ ಜನ. ಲಾಸಾ ಸುಮಾರು 12,000 ಅಡಿ ಎತ್ತರದ ಊರು. ನಮ್ಮ ಬೈಲಕುಪ್ಪೆ ಹೆಚ್ಚುಕಡಿಮೆ 3,000 ಅಡಿ. ಮೈತುಂಬ ಉಣ್ಣೆ ಬಟ್ಟೆ, ಎದುರಿಗೆ ಬಿದಿರು, ಮುಳ್ಳುಪೊದೆ, ದಟ್ಟ ಕಾಡು. ಮೊದಲು ಟೆಂಟಿನಲ್ಲಿ, ಆಮೇಲೆ ಬಿದಿರಿನ ಗುಡಿಸಿಲಲ್ಲಿ ಇದ್ದರು. ಕಾಡು ಕಡಿದು, ಬೇರು ಕಿತ್ತು, ಬೆಂಕಿ ಹಾಕಿ ಹೊಲ ಮಾಡಿದರು. ಹಗಲು ಸೆಕೆ, ರಾತ್ರಿ ಆನೆ. ನಾಗರಹೊಳೆ ಅಂಚಿನಲ್ಲಿ ಬೇಸಾಯ ಮಾಡುವವರಿಗೆ ಆನೆ ಕಾಟದ ಬಗ್ಗೆ ನಾವು ಹೇಳಬೇಕಾದ್ದೇನೂ ಇಲ್ಲ. ಕಾಯಿಲೆ ಬಿದ್ದು ಸತ್ತವರಿದ್ದಾರೆ, ಆನೆ ತುಳಿತಕ್ಕೆ ಸತ್ತವರೂ ಇದ್ದಾರೆ.

ತಲೆಗೆ ಒಂದು ಎಕರೆ ಲೆಕ್ಕದಲ್ಲಿ ಜಮೀನು ಹಂಚಿಕೆಯಾಯಿತು. ಈ ಮೊದಲ ವಸಾಹತಿನ ಹೆಸರು ಲುಗ್ಸುಂಗ್ ಸಾಮ್ಡುಪ್ಲಿಂಗ್. 1969ರಲ್ಲಿ ಪಕ್ಕದಲ್ಲೇ ಡಿಕಿ ಲಾರ್ಸೊ ಎಂಬ ಎರಡನೆಯದು ಎದ್ದಿತು. 1972ರಲ್ಲಿ ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗ್ಯೆಲಿಂಗ್. ಇಂಥ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ನಮಗೆ ಅವು ಒಂದನೇ ಕ್ಯಾಂಪು, ಎರಡನೇ ಕ್ಯಾಂಪು, ನಾಲ್ಕನೇ ಕ್ಯಾಂಪು, ಅಷ್ಟೇ.

ಗುದ್ದಲಿ ಹಿಡಿದ ಭಿಕ್ಷುಗಳು

1969-70ರ ಹೊತ್ತಿಗೆ ಬಕ್ಸಾದಿಂದ ಸೆರಾದ ಸುಮಾರು 300 ಭಿಕ್ಷುಗಳು ಬೈಲಕುಪ್ಪೆಗೆ ಬಂದರು. ಡ್ರೆಪುಂಗ್ ಮತ್ತು ಗಾಂದೆನ್‌ನವರು ಉತ್ತರ ಕನ್ನಡದ ಮುಂಡಗೋಡಿಗೆ ಹೋದರು. ಭಿಕ್ಷುಗಳಿಗೂ ಗೃಹಸ್ಥರ ಹಾಗೆ ಕಾಡು ಜಮೀನನ್ನೇ ಕೊಟ್ಟರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಐನೂರು ವರ್ಷ ಉಂಬಳಿಯ ಅನ್ನ ಉಂಡ ಮಠ ಅದು. ಈಗ ಉಂಬಳಿಯೂ ಇಲ್ಲ, ಬಿಟ್ಟಿ ದುಡಿಯುವ ರೈತನೂ ಇಲ್ಲ. ಬೌದ್ಧ ಭಿಕ್ಷುವಿಗೆ ಜೀವ ಕೊಲ್ಲಬಾರದೆಂಬ ನೇಮ. ನೆಲ ಅಗೆದರೆ ಹುಳ ಸಾಯುತ್ತದೆ, ಬೆಂಕಿ ಹಾಕಿದರೆ ಇನ್ನೂ ಹೆಚ್ಚು. ಆದರೂ ಅಗೆಯದೆ ಗತಿ ಇರಲಿಲ್ಲ. ಬೆಳಿಗ್ಗೆ ಗುದ್ದಲಿ, ಸಂಜೆ ಗ್ರಂಥ. 1970ರ ದಶಕದಲ್ಲಿ ಸೆರಾದ ಭಿಕ್ಷುಗಳು ಮುಸುಕಿನ ಜೋಳ ಬಿತ್ತಿ, ಕಳೆ ಕಿತ್ತು, ಕಟಾವು ಮಾಡಿ ತಮ್ಮ ಅನ್ನ ತಾವೇ ಬೆಳೆದರು. ಪಂಡಿತರೂ ಹೊಲಕ್ಕಿಳಿದರು.

ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ಮಠದ ಕತೆಯೂ ಇಂಥದ್ದೇ. ಪೆನೋರ್ ರಿಂಪೋಚೆ ಅದನ್ನು ಶುರುಮಾಡಿದ್ದು 1963ರಲ್ಲಿ, ಬೆರಳೆಣಿಕೆಯ ಭಿಕ್ಷುಗಳ ಜೊತೆ, ಬಿದಿರಿನ ಚಪ್ಪರದಲ್ಲಿ. ಇಟ್ಟಿಗೆ, ಮರಳು ತಾವೇ ಹೊತ್ತರು. ನಾವು ಫೋಟೊ ತೆಗೆಯುವ ಬಂಗಾರದ ಬಣ್ಣದ ಆ ದೊಡ್ಡ ಗುಡಿ ಎದ್ದು ನಿಂತದ್ದು 1999ರಲ್ಲಿ. ಒಳಗಿನ ಮೂರು ಮೂರ್ತಿಗಳಲ್ಲಿ ನಡುವೆ ಇರುವುದು ಬುದ್ಧ, ಅಕ್ಕಪಕ್ಕ ಪದ್ಮಸಂಭವ ಮತ್ತು ಅಮಿತಾಯುಸ್. ಮುಂದಿನ ಸಲ ಹೋದಾಗ ಮಕ್ಕಳಿಗೆ ಹೆಸರು ಹೇಳಿ.

ಜೋಳ ಮುಗಿದರೆ ಸ್ವೆಟರ್

ಕ್ಯಾಂಪಿನ ಮನೆಗಳು ಬದುಕಿದ್ದು ಎರಡು ಕಾಲಿನ ಮೇಲೆ. ಮೊದಲನೆಯದು ಮಳೆ ಆಧಾರದ ಮುಸುಕಿನ ಜೋಳ. ಮುಂಗಾರಿಗೆ ಬಿತ್ತನೆ, ಆಯುಧಪೂಜೆ ಆಸುಪಾಸಿನಲ್ಲಿ ಕಟಾವು. ಉಳಲು ಸೊಸೈಟಿ ಟ್ರ್ಯಾಕ್ಟರ್, ಗೊಬ್ಬರ, ಬೀಜ, ಮಾರಾಟ ಎಲ್ಲ ಸೊಸೈಟಿ ಮೂಲಕ. ನಮ್ಮ ಕಡೆ ಬಹಳ ರೈತರು ಇನ್ನೂ ಎತ್ತು ಕಟ್ಟುತ್ತಿದ್ದ ಕಾಲ ಅದು.

ಎರಡನೆಯದು ಸ್ವೆಟರ್. ಜೋಳ ಮುರಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಆಗ ಮನೆಯ ಯಜಮಾನ, ಯಜಮಾನಿ ಲೂಧಿಯಾನದಿಂದ ಸಾಲಕ್ಕೆ ಸ್ವೆಟರ್ ತಂದು, ಊರೂರಿನ ಫುಟ್‌ಪಾತಿನಲ್ಲಿ ಚಳಿ ಮುಗಿಯುವವರೆಗೆ ಮಾರುತ್ತಾರೆ. ಮಕ್ಕಳು ಅಜ್ಜ ಅಜ್ಜಿಯ ಹತ್ತಿರ, ಇಲ್ಲವೆ ಹಾಸ್ಟೆಲಿನಲ್ಲಿ. ಫೆಬ್ರವರಿ, ಮಾರ್ಚಿನ ಲೋಸಾರ್ ಹಬ್ಬಕ್ಕೆ, ಅಂದರೆ ಅವರ ಯುಗಾದಿಗೆ, ಎಲ್ಲರೂ ಮನೆ ಸೇರುತ್ತಾರೆ. 'ಟಿಬೆಟಿನವರ ಸ್ವೆಟರ್' ಅಂತ ನಾವು ಕರೆಯುವುದು ನಿಜವಾಗಿ ಪಂಜಾಬಿನ ಸ್ವೆಟರ್. ಮಾರುವ ಕೈ ಮಾತ್ರ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನದು.

ತಲೆಗೆ ಒಂದು ಎಕರೆ ಎಂಬುದು ಮೊದಲ ತಲೆಮಾರಿನ ಲೆಕ್ಕ. ಮಕ್ಕಳು, ಮೊಮ್ಮಕ್ಕಳು ಹುಟ್ಟಿದರೂ ಜಮೀನು ಬೆಳೆಯಲಿಲ್ಲ. ಸ್ವೆಟರ್ ಇಲ್ಲದೆ ಬರೀ ಜೋಳದಿಂದ ಆ ಮನೆಗಳು ನಡೆಯುತ್ತಿರಲಿಲ್ಲ.

ಮಠಗಳ ದಾರಿ ಬೇರೆಯಾಯಿತು. 1980ರ ದಶಕದಲ್ಲಿ ಟಿಬೆಟ್‌ನಿಂದ ಹೊಸದಾಗಿ ತಪ್ಪಿಸಿಕೊಂಡು ಬಂದವರಿಂದ ಮಠ ತುಂಬಿತು, ನೂರಾರು ಇದ್ದದ್ದು ಸಾವಿರಾರು ಆಯಿತು. ಆಮೇಲೆ ಲಡಾಖ್, ಅರುಣಾಚಲ, ನೇಪಾಳ, ಭೂತಾನಿನ ಹುಡುಗರೂ ಬಂದರು. ಹೊಲದ ಜೋಳ ಸಾಲದಾಯಿತು. ವಿದೇಶದ ಭಕ್ತರು ಕೈಹಿಡಿದರು. 1991ರಲ್ಲಿ ವಿದೇಶಿ ಭಕ್ತರ ಒಂದು ಸಂಸ್ಥೆ ಸೆರಾ ಜೆ ವಿಭಾಗದ ಭಿಕ್ಷುಗಳ ಊಟಕ್ಕೆಂದೇ ನಿಧಿ ತೆರೆಯಿತು. ಭಿಕ್ಷುಗಳ ಕೈಯಿಂದ ಗುದ್ದಲಿ ಜಾರಿತು. ಅದನ್ನು ಹಿಡಿದದ್ದು ಯಾರು? ನಮ್ಮ ಅಕ್ಕಪಕ್ಕದ ಹಳ್ಳಿಯ ಕೂಲಿಯವರು. ಅಮ್ಮಂದಿರು ಬುತ್ತಿ ಕಟ್ಟಿಕೊಂಡು ಹೋದದ್ದು ಆ ಹೊಲಗಳಿಗೇ.

ನಮ್ಮ ಕಡೆಯ ಲೆಕ್ಕ

ಕೂಲಿ ಸಿಕ್ಕಿತು. ಆಟೋ ಓಡಿತು, ಅಂಗಡಿ, ಹೋಟೆಲ್ ಎದ್ದವು. ಇನ್ನೊಂದು ಲಾಭ ಬಹಳ ಜನಕ್ಕೆ ಗೊತ್ತಿಲ್ಲ. ಟಿಬೆಟಿಯನ್ನರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆ ಕೆಲಸ ಮುಗಿದ ಮೇಲೆ ಅದು ಎಚ್.ಡಿ. ಕೋಟೆ ಮೊದಲಾದ ಕಡೆ ನಮ್ಮ ಬಡವರ ನಡುವೆ ಕೆಲಸಕ್ಕಿಳಿಯಿತು. 1980ರ ದಶಕದಲ್ಲಿ ಸಣ್ಣ ಸಣ್ಣ ಉಳಿತಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಜೋಡಿಸುವ ಯೋಜನೆ ತಂದಿತು. ಇವತ್ತು ನಿಮ್ಮ ಮನೆಯ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂರುವ ಸ್ವಸಹಾಯ ಸಂಘದ ಬೇರುಗಳಲ್ಲಿ ಒಂದು ಬೈಲಕುಪ್ಪೆಯ ಕಾಡಿನವರೆಗೆ ಹೋಗುತ್ತದೆ.

ಆದರೆ ಒಂದು ನೋವೂ ಇದೆ, ಅದನ್ನು ಮುಚ್ಚಿಡಬಾರದು. ಎಚ್.ಡಿ. ಕೋಟೆಯಲ್ಲಿ ಕಬಿನಿ ಜಲಾಶಯ 1974ರಲ್ಲಿ ಮುಗಿದಾಗ ಹಳ್ಳಿಗಳು ಮುಳುಗಿದವು. ನಾಗರಹೊಳೆಯಿಂದ ಜೇನು ಕುರುಬರನ್ನು ಹೊರಗೆ ಹಾಕಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದು ಹಾಡಿಯವರು ಇಂದಿಗೂ ಅಲೆಯುತ್ತಿದ್ದಾರೆ. 'ದೂರದಿಂದ ಬಂದವರಿಗೆ ಮೂರು ಸಾವಿರ ಎಕರೆ ಸಿಕ್ಕಿತು, ಕಾಡಿನಲ್ಲೇ ಹುಟ್ಟಿದವರಿಗೆ ಏನು ಸಿಕ್ಕಿತು?' ಎಂಬ ಮಾತು ನಮ್ಮ ಟೀ ಅಂಗಡಿಗಳಲ್ಲಿ ಕೇಳಿಬರುತ್ತದೆ. ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಕೇಳಬೇಕಾದದ್ದು ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಲಾಮಾನನ್ನಲ್ಲ, ಸರ್ಕಾರವನ್ನು. ಮನಸ್ಸು ಮಾಡಿದರೆ ಮನೆ ಕಳೆದುಕೊಂಡವರಿಗೆ ಜಮೀನು, ಮನೆ, ಶಾಲೆ, ಸೊಸೈಟಿ ಎಲ್ಲವನ್ನೂ ಒಟ್ಟಿಗೆ ಕೊಡಲು ಸಾಧ್ಯ ಎಂದು ಬೈಲಕುಪ್ಪೆ ತೋರಿಸಿಕೊಟ್ಟಿದೆ. ಹಾಡಿಯವರ ಅರ್ಜಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಪಹಣಿ ಇಲ್ಲದ ಹೊಲ

ಇನ್ನು ಅವರಿಗೆ ಸಿಕ್ಕದ್ದೇನು ನೋಡೋಣ. ಗುರುಪುರದ ಕ್ಯಾಂಪ್ ಶುರುವಾದ 1972ರಲ್ಲೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. 1974ರಲ್ಲಿ ಅವರು ತಂದ ತಿದ್ದುಪಡಿಯಿಂದ ಗೇಣಿದಾರರು ಉಳುವ ನೆಲದ ಒಡೆಯರಾದರು. ನಿಮ್ಮಲ್ಲಿ ಎಷ್ಟೋ ಮನೆಗಳ ಪಹಣಿ ಹುಟ್ಟಿದ್ದು ಆಗ. ಪಕ್ಕದ ಕ್ಯಾಂಪಿನಲ್ಲಿ ಕಾಡು ಕಡಿದು ಹೊಲ ಮಾಡಿದವರಿಗೆ ಅಂಥ ಪಹಣಿ ಬರಲಿಲ್ಲ. ನೆಲ ಸರ್ಕಾರದ್ದೇ. 2014ರಲ್ಲಿ ಕೇಂದ್ರದ ಟಿಬೆಟಿಯನ್ ಪುನರ್ವಸತಿ ನೀತಿ ಬಂದು ಗುತ್ತಿಗೆ ಕರಾರಿನ ಮಾತಾಡಿತು. ಅದೂ ಗುತ್ತಿಗೆ, ಒಡೆತನವಲ್ಲ. ಮಾರುವಂತಿಲ್ಲ.

ಕಾಗದದ ಕಷ್ಟ ಇನ್ನೊಂದು. ಅವರಲ್ಲಿ ಬಹಳ ಜನ ಆರ್‌ಸಿ ಎಂಬ ನೋಂದಣಿ ಪುಸ್ತಕ ಇಟ್ಟುಕೊಂಡು, ಅದನ್ನು ನವೀಕರಿಸುತ್ತಾ ಬದುಕುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎನ್ನುತ್ತದೆ ಕಾನೂನು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅದು ಟಿಬೆಟಿಯನ್ನರಿಗೂ ಅನ್ವಯ ಎಂದವು. 2014ರಲ್ಲಿ ಓಟಿನ ಪಟ್ಟಿಗೂ ದಾರಿಯಾಯಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೇಳಿದವರ ಮುಂದೆ ಷರತ್ತು ಬಂತು: ಆರ್‌ಸಿ ಒಪ್ಪಿಸಬೇಕು, ಕ್ಯಾಂಪಿನಲ್ಲಿ ಇರಬಾರದು. ಅಪ್ಪ ಕಡಿದ ಹೊಲವೋ, ಪಾಸ್‌ಪೋರ್ಟೋ? ಒಂದನ್ನು ಆರಿಸಿಕೊಳ್ಳಬೇಕು.

ಹುಡುಗರು ಆರಿಸಿಕೊಳ್ಳುತ್ತಿದ್ದಾರೆ. ಬೆಂಗಳೂರು, ಯೂರೋಪ್, ಅಮೆರಿಕ. 2008ರ ನಂತರ ಟಿಬೆಟ್‌ನಿಂದ ಹೊಸದಾಗಿ ಬರುವವರು ಬಹಳ ಕಡಿಮೆಯಾದರು. ಕ್ಯಾಂಪಿನ ಬೀದಿಯಲ್ಲಿ ಮಣಿ ಎಣಿಸುತ್ತಾ ಕೂತ ವಯಸ್ಸಾದವರು ಕಾಣುತ್ತಾರೆ, ಬೀಗ ಹಾಕಿದ ಮನೆಗಳು ಕಾಣುತ್ತವೆ. ಇದು ನಮಗೆ ಅರ್ಥವಾಗದ ವಿಷಯವೇನಲ್ಲ. ತಂಬಾಕು ಬ್ಯಾರನ್ ಮುಂದೆ ಒಬ್ಬರೇ ಕೂತ ಅಪ್ಪಂದಿರು ನಮ್ಮ ಊರುಗಳಲ್ಲೂ ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಮೊದಲ ಪ್ರಶ್ನೆಗೆ ಮರಳೋಣ. ಮಠದ ಅನ್ನ ಯಾರ ಹೊಲದ್ದು? ಐನೂರು ವರ್ಷ ಟಿಬೆಟ್‌ನ ಬಿಟ್ಟಿ ರೈತನದ್ದು. ಸುಮಾರು ಹತ್ತು ವರ್ಷ ಭಿಕ್ಷುಗಳದ್ದೇ. ಆಮೇಲೆ ಒಂದಷ್ಟು ದೂರದ ದಾನಿಯದ್ದು, ಒಂದಷ್ಟು ಸ್ವೆಟರ್ ಮಾರಿದ ಗೃಹಸ್ಥರದ್ದು. ಜೊತೆಗೆ ನಮ್ಮ ಅಮ್ಮಂದಿರು ಮುರಿದ ಜೋಳದ್ದು. ಆ ಕೊನೆಯ ಸಾಲು ಬೈಲಕುಪ್ಪೆಯ ಬಗ್ಗೆ ಬರುವ ಯಾವ ಪ್ರವಾಸಿ ಪುಸ್ತಕದಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಇಲ್ಲಿ ಬರೆದಿಟ್ಟಿದ್ದೇವೆ.

ನಿಮ್ಮ ಮನೆಯಲ್ಲಿ ಕ್ಯಾಂಪಿನ ಹೊಲದಲ್ಲಿ ದುಡಿದ ಅಜ್ಜಿ, ಅಮ್ಮ ಇದ್ದರೆ ಇವತ್ತು ಸಂಜೆ ಒಂದು ಮಾತು ಕೇಳಿ: ಆಗ ಕೂಲಿ ಎಷ್ಟಿತ್ತು, ಮಧ್ಯಾಹ್ನ ಯಾರ ಜೊತೆ ಕೂತು ಉಂಡಿರಿ? ಆ ಲೆಕ್ಕ ಇನ್ನೂ ಅವರ ನೆನಪಿನಲ್ಲಿ ಮಾತ್ರ ಇದೆ.